ಲೋಡ್ ಗಾಡಿಗೆ ಡೀಸೆಲ್ಲೇ ಆಗಬೇಕೆಂಬ ಹಟ

ಅರಸೀಕೆರೆಯ ಎಪಿಎಂಸಿ ಯಾರ್ಡಿನಲ್ಲಿ ನಿಂತು, ಒಂದು ಸಣ್ಣ ಲೋಡ್ ಗಾಡಿ ತಗೋಬೇಕು ಅಂತಿದೀನಿ, ಯಾವುದು ವಾಸಿ ಅಂತ ಯಾರನ್ನಾದರೂ ಕೇಳಿ. ಹಮಾಲಿಯನ್ನು ಕೇಳಿ, ದಲ್ಲಾಳಿಯನ್ನು ಕೇಳಿ, ಟೀ ಅಂಗಡಿಯವನನ್ನು ಕೇಳಿ, ಉತ್ತರ ಒಂದೇ: "ಲೋಡಿಗೆ ಡೀಸೆಲ್ಲೇ ಕಣಣ್ಣ. ಪೆಟ್ರೋಲ್ ಎಳೆಯಲ್ಲ." ಹಳೇಬೀಡಿನ ಗಾಡಿ ಸ್ಟ್ಯಾಂಡಿನಲ್ಲೂ ಇದೇ ಮಾತು, ಬೇಲೂರಿನ ಗ್ಯಾರೇಜಿನಲ್ಲೂ ಇದೇ ಮಾತು. ಎಷ್ಟು ಲೋಡು, ಎಷ್ಟು ದೂರ, ವಾರಕ್ಕೆ ಎಷ್ಟು ಟ್ರಿಪ್ಪು, ದಾರಿಯಲ್ಲಿ ಘಾಟಿ ಇದೆಯೋ ಇಲ್ಲವೋ ಎಂದು ತಿರುಗಿ ಕೇಳುವವರು ಯಾರೂ ಇಲ್ಲ. ರೋಗ ಯಾವುದೆಂದು ಕೇಳದೆ ಔಷಧಿ ಬರೆದುಕೊಡುವ ವೈದ್ಯನನ್ನು ನಾವು ಬೈಯುತ್ತೇವೆ. ಗಾಡಿಯ ವಿಷಯಕ್ಕೆ ಬಂದರೆ ಅದೇ ಚೀಟಿ ಹಿಡಿದುಕೊಂಡು ಸೀದಾ ಫೈನಾನ್ಸ್ ಆಫೀಸಿಗೆ ಹೋಗುತ್ತೇವೆ.

ಈ ಮಾತು ಒಂದು ಕಾಲಕ್ಕೆ ಸರಿಯಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಇವತ್ತು ಕಾಯಿ, ಕೊಬ್ಬರಿ, ಹಿಂಡಿ, ಗೊಬ್ಬರ, ತರಕಾರಿ ಅಂತ ಹತ್ತಿಪ್ಪತ್ತು ಕಿಲೋಮೀಟರು ಓಡಾಡುವ ಸಣ್ಣ ಗಾಡಿಯವನಿಗೆ ಇದು ನಷ್ಟದ ಬುದ್ಧಿವಾದ.

ಈ ನಂಬಿಕೆ ಎಂಜಿನ್ನಿನಿಂದ ಹುಟ್ಟಿದ್ದಲ್ಲ, ಬಂಕಿನ ಬೋರ್ಡಿನಿಂದ ಹುಟ್ಟಿದ್ದು. ಪೆಟ್ರೋಲ್ ಬೆಲೆಯನ್ನು ಕೇಂದ್ರ ಸರ್ಕಾರ 2010ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಡೀಸೆಲ್‌ನ ಕೈಯನ್ನು ಮಾತ್ರ ಹಿಡಿದುಕೊಂಡೇ ಇತ್ತು. 2012ರ ಮೇ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂ. 18 ಪೈಸೆ, ಡೀಸೆಲ್ 40 ರೂ. 91 ಪೈಸೆ. ಅಂದರೆ ನೂರು ರೂಪಾಯಿ ಪೆಟ್ರೋಲಿಗೆ 56 ರೂಪಾಯಿಯ ಡೀಸೆಲ್. ಅಂಥ ಕಾಲದಲ್ಲಿ ಪೆಟ್ರೋಲ್ ಗಾಡಿಯಲ್ಲಿ ಬಾಡಿಗೆ ಹೊಡೆಯುತ್ತೇನೆ ಅನ್ನುವವನಿಗೆ ಹೆಣ್ಣು ಕೊಡಲೂ ಜನ ಹಿಂದೆಮುಂದೆ ನೋಡುತ್ತಿದ್ದರೇನೋ. 2014ರ ಅಕ್ಟೋಬರ್‌ನಲ್ಲಿ ಸರ್ಕಾರ ಡೀಸೆಲ್‌ನ ಕೈಯನ್ನೂ ಬಿಟ್ಟಿತು. ಆ ಹೊತ್ತಿಗಾಗಲೇ ಅಂತರ ಬಹಳಷ್ಟು ಕರಗಿತ್ತು. ನಮ್ಮ ರಾಜ್ಯ ಸರ್ಕಾರವೂ ಅದಕ್ಕೆ ತನ್ನ ಪಾಲು ಸೇರಿಸಿತು: ಡೀಸೆಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಏರಿತು. ಲಾರಿ ಮಾಲೀಕರು ಆ ತಿಂಗಳು ಮುಷ್ಕರ ಹೂಡಿದ್ದು ಬಹುಮಟ್ಟಿಗೆ ಇದೇ ಸಿಟ್ಟಿಗೆ. ಆಗ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿ, ಪೆಟ್ರೋಲ್ 103ರ ಹತ್ತಿರ. ನೂರಕ್ಕೆ 56 ಇದ್ದದ್ದು ನೂರಕ್ಕೆ 88 ಆಯಿತು. ಬೋರ್ಡು ಬದಲಾಯಿತು, ಸ್ಟ್ಯಾಂಡಿನ ಮಾತು ಬದಲಾಗಲಿಲ್ಲ.

"ಬೆಲೆ ಬಿಡಿ ಸ್ವಾಮಿ, ಎಳೆತದ ಮಾತಾಡಿ" ಅನ್ನುತ್ತಾರೆ. ಆಡೋಣ. ಬೇಲೂರಿನಿಂದ ಪಡುವಣಕ್ಕೆ ಅರೇಹಳ್ಳಿ, ಬಿಕ್ಕೋಡಿನ ಕಡೆ ಹೋಗಿ ಕಾಫಿ ತೋಟದ ಹಳಬರನ್ನು ವಿಚಾರಿಸಿ. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಜೋಡಿಸಲು ಶುರುಮಾಡಿದ ವಿಲ್ಲಿಸ್ ಜೀಪು ಪೆಟ್ರೋಲ್‌ನದು. ಅದರ ಯುದ್ಧಕಾಲದ ಅಣ್ಣನ ಎಂಜಿನ್ 2.2 ಲೀಟರ್, 60 ಅಶ್ವಶಕ್ತಿ. ಅದರ ಹಿಂದೆ ಕಟ್ಟುವುದಕ್ಕೆಂದೇ ಕಾಲು ಟನ್ನಿನ ಟ್ರೇಲರ್ ಮಾಡಿಸಿದ್ದರು. ಮಲೆನಾಡಿನ ಕೆಸರಿನಲ್ಲಿ ಗೊಬ್ಬರದ ಮೂಟೆ, ಸುಗ್ಗಿಯಲ್ಲಿ ಕಣಕ್ಕೆ ಕಾಫಿ ಹಣ್ಣಿನ ಚೀಲ ಎಳೆದದ್ದು ಇಂಥ ಪೆಟ್ರೋಲ್ ಜೀಪುಗಳೇ. ಆಮೇಲೆ ಒಬ್ಬೊಬ್ಬರಾಗಿ ಅವುಗಳ ಎಂಜಿನ್ ಇಳಿಸಿ ಮ್ಯಾಟಡೋರಿನ ಡೀಸೆಲ್ ಎಂಜಿನ್ ಕೂರಿಸಿದರು ನಿಜ. ಎಳೆಯಲಿಲ್ಲ ಅಂತ ಇಳಿಸಿದ್ದಲ್ಲ, ಕುಡಿಯುತ್ತಿತ್ತು ಅಂತ ಇಳಿಸಿದ್ದು. ಕುಡಿತದ ದೂರು ಒಂದು ತಲೆಮಾರು ದಾಟುವಷ್ಟರಲ್ಲಿ ಎಳೆತದ ದೂರಾಗಿ ಕೂತಿದೆ.

ಟಾಟಾ ಏಸ್ 2005ರಲ್ಲಿ ಬಂದಾಗ ಅದರಲ್ಲಿದ್ದದ್ದು 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್. ಶಕ್ತಿ 16 ಅಶ್ವಶಕ್ತಿ, ಟಾರ್ಕ್ 38 ನ್ಯೂಟನ್ ಮೀಟರ್. ಅಷ್ಟರಲ್ಲೇ ಅದು ದೇಶದ ಸಣ್ಣ ಸರಕು ಸಾಗಣೆಯನ್ನೇ ತಿರುವಿಹಾಕಿತು. 2020ರಲ್ಲಿ ಅದೇ ಏಸ್ ಪೆಟ್ರೋಲ್‌ನಲ್ಲಿ ಬಂತು: 694 ಸಿಸಿ, ಎರಡೇ ಸಿಲಿಂಡರ್, 30 ಅಶ್ವಶಕ್ತಿ, 55 ನ್ಯೂಟನ್ ಮೀಟರ್. ಹೆಚ್ಚೂಕಡಿಮೆ ಅಷ್ಟೇ ಗಾತ್ರದ ಎಂಜಿನ್, ಶಕ್ತಿ ಇಮ್ಮಡಿಯ ಹತ್ತಿರ. 16 ಅಶ್ವಶಕ್ತಿಯ ಗಾಡಿಯಲ್ಲಿ ಹದಿನೈದು ವರ್ಷ ಕಾಯಿ ಹೊಡೆದವರು 30 ಅಶ್ವಶಕ್ತಿಯ ಗಾಡಿಯನ್ನು ನೋಡಿ "ಇದು ಎಳೆಯಲ್ಲ" ಅನ್ನುವುದಕ್ಕೆ ಏನು ಹೇಳುವುದು? ಈಚಿನ ಡೀಸೆಲ್‌ಗಳ ಎಳೆತ ಎಂದು ನಾವು ಹೊಗಳುವುದರಲ್ಲಿ ದೊಡ್ಡ ಪಾಲು ಟರ್ಬೊದ್ದು. ಅದನ್ನು ಪೆಟ್ರೋಲಿಗೆ ಕೂರಿಸಿದರೂ ಅದು ಅಷ್ಟೇ ಹುರುಪಿನಿಂದ ದುಡಿಯುತ್ತದೆ.

ಇನ್ನೊಂದು ಮಾತು. ಚಕ್ರಕ್ಕೆ ತಲುಪುವುದು ಎಂಜಿನ್ ಹುಟ್ಟಿಸಿದ ಟಾರ್ಕ್ ಅಲ್ಲ. ಗೇರ್ ಬಾಕ್ಸು, ಹಿಂದಿನ ಕ್ರೌನ್ ಪಿನಿಯನ್ನು ಅದನ್ನು ಹಲವು ಪಟ್ಟು ಹಿಗ್ಗಿಸಿ ಕಳಿಸುತ್ತವೆ. ಡೀಸೆಲ್ ನಿಧಾನ ಸುತ್ತುತ್ತಾ ಹೆಚ್ಚು ಟಾರ್ಕ್ ಕೊಡುತ್ತದೆ, ಪೆಟ್ರೋಲ್ ಜೋರಾಗಿ ಸುತ್ತುತ್ತದೆ. ಜೋರಾಗಿ ಸುತ್ತುವುದನ್ನು ಚಿಕ್ಕ ಗೇರಿನಲ್ಲಿ ಇಳಿಸಿದರೆ ಚಕ್ರದ ಹತ್ತಿರ ಲೆಕ್ಕ ಸಮವಾಗುತ್ತದೆ. ಇದು ಕಾಗದದ ಮೇಲೆ ಮಾತ್ರ ನಿಜ ಅನ್ನುವವರು ಬಾಣಾವರದ ಆಸುಪಾಸಿನ ಯಾವುದಾದರೂ ತೋಟದಿಂದ ಕಾಯಿ ತುಂಬಿದ ಪೆಟ್ರೋಲ್ ಗಾಡಿ ಕೆರೆ ಏರಿ ಹತ್ತುವುದನ್ನು ನೋಡಬೇಕು. ಡ್ರೈವರ್ ಹತ್ತು ವರ್ಷ ಡೀಸೆಲ್ ಓಡಿಸಿದ ಕೈ. ಕೆಳಗಿನಿಂದ ಎರಡನೇ ಗೇರಿನಲ್ಲಿ ಬರುತ್ತಾನೆ, ಅಭ್ಯಾಸಬಲದಿಂದ ಮೂರಕ್ಕೆ ಹಾಕುತ್ತಾನೆ. ಎಂಜಿನ್ ಕಟಕಟ ಅನ್ನುತ್ತದೆ, ಸ್ಟೇರಿಂಗ್ ನಡುಗುತ್ತದೆ, ಇವನು ಆಕ್ಸಿಲೇಟರ್ ತುಳಿದೇ ಇರುತ್ತಾನೆ, ಗೇರ್ ಮಾತ್ರ ಇಳಿಸುವುದಿಲ್ಲ. ಗಾಡಿ ಏರಿಯ ಅರ್ಧದಲ್ಲಿ ಉಸಿರುಗಟ್ಟಿ ನಿಲ್ಲುತ್ತದೆ. ಕಾಯಿ ಮೇಲೆ ಕೂತಿದ್ದ ಹುಡುಗ ಧುಮುಕಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಾನೆ. "ನೋಡಿದ್ರಾ ಗೌಡ್ರೇ, ನಾನು ಮೊದ್ಲೇ ಹೇಳಿರ್ಲಿಲ್ವಾ?" ಎಂದು ಡ್ರೈವರ್ ಗೆದ್ದವನಂತೆ ಇಳಿಯುತ್ತಾನೆ. ಅದೇ ಗಾಡಿಯನ್ನು ಒಂದನೇ ಗೇರಿಗೆ ಹಾಕಿ, ಎಂಜಿನ್ ಸ್ವಲ್ಪ ಕೂಗಿದರೆ ಕೂಗಲಿ ಎಂದು ಬಿಟ್ಟರೆ, ಅದೇ ಲೋಡು, ಅದೇ ಏರಿ, ಕಲ್ಲಿನ ಹಂಗಿಲ್ಲದೆ ಹತ್ತುತ್ತದೆ. ಪೆಟ್ರೋಲ್ ಎಂಜಿನ್ ಕೂಗಿದರೆ ನಮ್ಮವರಿಗೆ ಅದು ಸಾಯುತ್ತಿದೆ ಅನ್ನಿಸುತ್ತದೆ. ಅದು ದುಡಿಯುವ ಸದ್ದೇ ಹಾಗೆ.

ಟಾರ್ಕೇ ದೇವರು ಅನ್ನುವವರಿಗೆ ಒಂದು ತಕರಾರು ಪ್ರಶ್ನೆ. 2022ರಲ್ಲಿ ಟಾಟಾ ಕಂಪನಿ ತೋರಿಸಿದ ಬ್ಯಾಟರಿ ಏಸ್‌ನ ಟಾರ್ಕ್ 130 ನ್ಯೂಟನ್ ಮೀಟರ್, ಅದೂ ಚಕ್ರ ತಿರುಗುವ ಮೊದಲ ಕ್ಷಣದಿಂದ. ಹಳೆಯ ಡೀಸೆಲ್ ಏಸ್‌ನ ಮೂರು ಪಟ್ಟಿಗೂ ಜಾಸ್ತಿ. ಹಾಗಾದರೆ ನೀವೆಲ್ಲ ಅದರ ಮುಂದೆ ಸಾಲುಗಟ್ಟಿ ನಿಲ್ಲಬೇಕಿತ್ತು. ನಿಂತಿಲ್ಲ. ಯಾಕೆ ಅಂದರೆ ಎಷ್ಟು ದೂರ ಓಡುತ್ತದೆ, ಎಷ್ಟು ಬೆಲೆ, ಎಲ್ಲಿ ಚಾರ್ಜ್ ಮಾಡುವುದು ಎಂಬ ಪ್ರಶ್ನೆಗಳು ಎದುರಿಗೆ ಬರುತ್ತವೆ. ಬರಬೇಕಾದವೇ. ಡೀಸೆಲ್ ಮುಂದೆ ನಿಂತಾಗ ಮಾತ್ರ ಅವೇ ಪ್ರಶ್ನೆಗಳು ಯಾಕೆ ಬಾಯಿಗೆ ಬರುವುದಿಲ್ಲ?

ಯೂಟ್ಯೂಬಿನಲ್ಲಿ ಅಮೆರಿಕದ ಪಿಕಪ್ ನೋಡಿ ಬಂದ ಹೊಸ ಹುಡುಗರು ಇನ್ನೊಂದು ಬಗೆ. ಅಲ್ಲಿ ನಾಲ್ಕೈದು ಟನ್ನಿನ ಟ್ರೇಲರನ್ನು, ದೋಣಿಯನ್ನು, ಕುದುರೆ ತುಂಬಿದ ಡಬ್ಬಿಯನ್ನು ಬೆಟ್ಟ ದಾಟಿಸಿಕೊಂಡು ಹೋಗುತ್ತಾರೆ. ಹಾಗಾಗಿ ಡೀಸೆಲ್ ವಾದಕ್ಕೆ ಅಲ್ಲಿ ತೂಕವಿದೆ. ಅಲ್ಲಿ ಡೀಸೆಲ್ ಸಾಮಾನ್ಯವಾಗಿ ಪೆಟ್ರೋಲಿಗಿಂತ ತುಟ್ಟಿ ಎಂಬುದನ್ನು ಮಾತ್ರ ಈ ಹುಡುಗರು ಗಮನಿಸಿರುವುದಿಲ್ಲ. ತುಟ್ಟಿ ಎಣ್ಣೆ, ತುಟ್ಟಿ ಎಂಜಿನ್ ಎರಡಕ್ಕೂ ದುಡ್ಡು ಕೊಡುವವನು ತನ್ನ ಟ್ರೇಲರನ್ನು ತೂಗಿ ನೋಡಿಯೇ ಕೊಡುತ್ತಾನೆ. ನಮ್ಮವರು ಅವನ ತೀರ್ಮಾನವನ್ನಷ್ಟೇ ತಂದಿದ್ದಾರೆ.

ಈಗ ದುಡ್ಡಿನ ಲೆಕ್ಕ. ಬಾಣಾವರದ ಹತ್ತಿರದ ರೈತನೊಬ್ಬ ಅರಸೀಕೆರೆಗೆ ಹೋಗಿಬರುವುದಕ್ಕೆ ದಿನಕ್ಕೆ 30 ಕಿ.ಮೀ., ವರ್ಷಕ್ಕೆ 200 ದಿನ ಎಂದಿಟ್ಟುಕೊಳ್ಳಿ. 6,000 ಕಿ.ಮೀ. ಆಯಿತು. ಡೀಸೆಲ್ ಗಾಡಿ ಲೀಟರಿಗೆ 18, ಪೆಟ್ರೋಲ್ 14 ಕೊಡುತ್ತದೆ ಎಂದು ಡೀಸೆಲ್ ಪರವಾಗಿಯೇ ಹಿಡಿಯೋಣ. 91 ಮತ್ತು 103ರ ಲೆಕ್ಕದಲ್ಲಿ ಡೀಸೆಲ್‌ಗೆ ಕಿಲೋಮೀಟರಿಗೆ 5 ರೂ. 5 ಪೈಸೆ, ಪೆಟ್ರೋಲಿಗೆ 7 ರೂ. 35 ಪೈಸೆ. ಉಳಿತಾಯ 2 ರೂ. 30 ಪೈಸೆ, ವರ್ಷಕ್ಕೆ 13,800 ರೂಪಾಯಿ. ಶೋರೂಮಿನಲ್ಲಿ ಎರಡರ ನಡುವಿನ ಅಂತರ ಒಂದು ಲಕ್ಷ ಎಂದುಕೊಂಡರೆ, ಅದನ್ನು ಶೇ 11ರ ಸಾಲದಲ್ಲಿ ತಂದರೆ, ಮೊದಲ ವರ್ಷದ ಬಡ್ಡಿಯೇ ಹತ್ತು ಸಾವಿರದ ಆಸುಪಾಸು. ಉಳಿದದ್ದು ಮೂರು ಚಿಲ್ಲರೆ ಸಾವಿರ. ಆ ಮೂರು ಸಾವಿರಕ್ಕಾಗಿ ಒಂದು ಲಕ್ಷದ ಹೆಚ್ಚಿನ ಕಂತು ಹೊತ್ತುಕೊಂಡು, "ಡೀಸೆಲ್ ಉಳಿತಾಯ" ಅಂತ ಹೇಳಿಕೊಂಡು ತಿರುಗುವುದು. ನಿಮ್ಮ ಮೈಲೇಜು ಬೇರೆ, ಬೆಲೆ ಬೇರೆ ಇರಬಹುದು. ಅಂಕಿ ಬದಲಿಸಿ ಹಾಕಿ ನೋಡಿ, ಆದರೆ ಹಾಕಿ ನೋಡಿ.

ಪೆಟ್ರೋಲಿನ ಕಡೆಯ ಒಂದು ಕುಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್. ಎಥೆನಾಲ್‌ನಲ್ಲಿ ಪೆಟ್ರೋಲಿನ ಮೂರನೇ ಎರಡು ಪಾಲಿನಷ್ಟೇ ಕಾವು. ಮೈಲೇಜು ಸ್ವಲ್ಪ ಇಳಿಯುತ್ತದೆ. ಮೇಲೆ 14 ಎಂದು ಕೈ ಹಿಡಿದು ಲೆಕ್ಕ ಹಾಕಿದ್ದು ಅದಕ್ಕೇ.

ಇದೇ ಲೆಕ್ಕವನ್ನು ತಿರುಗಿಸಿದರೆ ಡೀಸೆಲ್ ಯಾರದ್ದು ಎಂಬುದೂ ಗೊತ್ತಾಗುತ್ತದೆ. ವಾರಕ್ಕೆ ಮೂರು ಸಲ ಬೆಂಗಳೂರಿನ ಯಶವಂತಪುರಕ್ಕೆ ಲೋಡು ಹೊಡೆಯುವವನಿಗೆ ಒಂದು ವರ್ಷದಲ್ಲೇ ಆ ಒಂದು ಲಕ್ಷ ವಾಪಸು ಬರುತ್ತದೆ. ಶಿರಾಡಿ ಘಾಟಿಯಲ್ಲಿ ಮಂಗಳೂರಿಗೆ ಹೋಗಿಬರುವ ಒಂದೂವರೆ ಟನ್ನಿನ ಪಿಕಪ್ಪಿಗೆ ಡೀಸೆಲ್ ಇರಲಿ. ಟ್ರೇಲರ್ ಕಟ್ಟಿಕೊಂಡು ಶುಂಠಿ, ಜೋಳ ಎಳೆಯುವ, ಬೆಳಗಿನಿಂದ ಸಂಜೆವರೆಗೆ ಉಳುವ ಟ್ರ್ಯಾಕ್ಟರಿಗೆ ಡೀಸೆಲ್ ಬಿಟ್ಟು ಬೇರೆ ಮಾತೇ ಇಲ್ಲ. ನಮ್ಮಲ್ಲಿ ನಿಜವಾದ ಅರ್ಥದಲ್ಲಿ ಹೊರೆ ಎಳೆಯುವುದು ಅದೊಂದೇ. ಆದರೆ ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡು ಹಾದು ಬೇಲೂರಿಗೆ ಹೋಗುವ ಹೆದ್ದಾರಿಯಲ್ಲಿ ಅರವತ್ತರ ಆಸುಪಾಸು ಕಿಲೋಮೀಟರಿನ ಉದ್ದಕ್ಕೂ ಒಂದೇ ಒಂದು ಘಾಟಿಯಿಲ್ಲ. ಚಾರ್ಮಾಡಿ ಶುರುವಾಗುವುದು ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಆಚೆ. ಜಾವಗಲ್ಲಿನ ಗಾಡಿಯವನು ಯಾವ ಘಾಟಿಗೆ ಹೆದರಿ ಡೀಸೆಲ್ ಕೊಳ್ಳುತ್ತಿದ್ದಾನೆ? ಘಾಟಿ ಇಳಿಯುವಾಗಲಂತೂ ಪೆಟ್ರೋಲ್ ಎಂಜಿನ್ನೇ ಗಾಡಿಯನ್ನು ಹೆಚ್ಚು ಹಿಡಿದುಕೊಳ್ಳುತ್ತದೆ. ಆಕ್ಸಿಲೇಟರ್ ಬಿಟ್ಟ ಕೂಡಲೇ ಅದರಲ್ಲಿ ಗಾಳಿಯ ದಾರಿ ಮುಚ್ಚಿ ಎಂಜಿನ್ ತಾನೇ ತಡೆಯುತ್ತದೆ. ಡೀಸೆಲ್‌ನಲ್ಲಿ ಆ ದಾರಿ ಹಾಗೆ ಮುಚ್ಚುವುದಿಲ್ಲ. ದೊಡ್ಡ ಲಾರಿಗಳಿಗೆ ಎಕ್ಸಾಸ್ಟ್ ಬ್ರೇಕ್ ಎಂದು ಬೇರೆಯಾಗಿ ಕೂರಿಸುವುದು ಯಾಕೆ ಅಂತ ಒಮ್ಮೆ ಯೋಚಿಸಿ.

"ಡೀಸೆಲ್ ಎಂಜಿನ್ ಬಾಳಿಕೆ" ಎನ್ನುವುದು ಮುಂದಿನ ಮಂತ್ರ. ವರ್ಷಕ್ಕೆ 6,000 ಕಿ.ಮೀ. ಓಡುವ ಗಾಡಿ ಹತ್ತು ವರ್ಷಕ್ಕೆ 60,000 ಓಡುತ್ತದೆ. ಅಷ್ಟಕ್ಕೆ ಯಾವ ಎಂಜಿನ್ನೂ ಸಾಯುವುದಿಲ್ಲ. ಯೂರಿಯ, ಪೊಟ್ಯಾಷ್ ಸೋರಿ ಮೊದಲು ತೊಟ್ಟಿಯ ತಗಡು ತೂತಾಗುತ್ತದೆ. ಇನ್ನು ಆ ಹಳೆಯ ಬಾಳಿಕೆಯ ಡೀಸೆಲ್ ಈಗ ಶೋರೂಮಿನಲ್ಲಿ ಇಲ್ಲವೇ ಇಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಹೊಗೆ ನಿಯಮದ ಡೀಸೆಲ್ ಬೇರೆಯೇ ಜಾತಿ. ಸಾವಿರಾರು ಪೌಂಡಿನ ಒತ್ತಡದಲ್ಲಿ ಎಣ್ಣೆ ಚಿಮ್ಮಿಸುವ ಇಂಜೆಕ್ಟರು, ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್, ಮೈತುಂಬ ಸೆನ್ಸರು. ಪಂಪು ನಾಜಲ್ ಬಿಚ್ಚಿ ಬೆಳಗಾಗುವುದರೊಳಗೆ ಗಾಡಿ ಎಬ್ಬಿಸಿ ಕೊಡುತ್ತಿದ್ದ ನಮ್ಮ ಮೇಸ್ತ್ರಿಗಳ ಕೈಗೆ ಇದು ಸಿಗುವುದಿಲ್ಲ.

ಈ ಡಿಪಿಎಫ್ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು, ನಮ್ಮ ಸೀಮೆಯ ಓಡಾಟಕ್ಕೂ ಅದಕ್ಕೂ ಆಗಿಬರುವುದಿಲ್ಲ. ಜಾಲರಿಯಲ್ಲಿ ತುಂಬಿದ ಮಸಿ ಆಗಾಗ ಸುಟ್ಟುಹೋಗಬೇಕು. ಅದಕ್ಕೆ ಐನೂರೈವತ್ತು, ಆರುನೂರು ಡಿಗ್ರಿ ಕಾವು ಬೇಕು. ಗಾಡಿ ಹೆದ್ದಾರಿಯಲ್ಲಿ ಒಂದೇ ಸಮ ಓಡಿದರೆ ಆ ಕಾವು ಸುಲಭವಾಗಿ ಹುಟ್ಟುತ್ತದೆ. ನಮ್ಮ ಗಾಡಿ ಏನು ಮಾಡುತ್ತದೆ? ತೋಟದ ಬದುವಿನಲ್ಲಿ ಐದು ನಿಮಿಷ ತೆವಳುತ್ತದೆ, ಕಾಯಿ ತುಂಬುವವರೆಗೆ ನಿಲ್ಲುತ್ತದೆ, ಮೂರು ಮೈಲಿ ಓಡಿ ಇನ್ನೊಂದು ಮನೆ ಮುಂದೆ ನಿಲ್ಲುತ್ತದೆ. ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸುಡಲೆಂದು ಹೆಚ್ಚಿಗೆ ಚಿಮ್ಮಿಸಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರಿ ಅದನ್ನು ತೆಳ್ಳಗೆ ಮಾಡುತ್ತದೆ. ಕಡೆಗೊಂದು ದಿನ ಮೀಟರಿನಲ್ಲಿ ಹಳದಿ ದೀಪ ಉರಿಯುತ್ತದೆ, ಗಾಡಿ ಎಳೆತ ಕಳೆದುಕೊಳ್ಳುತ್ತದೆ. ಎಳೆತಕ್ಕೆಂದೇ ಕೊಂಡ ಗಾಡಿ!

ಮಾರುತಿ ಕಂಪನಿಯ ಸೂಪರ್ ಕ್ಯಾರಿ 2016ರಲ್ಲಿ ಬಂದದ್ದು ಡೀಸೆಲ್ ಎಂಜಿನ್ನಿನೊಂದಿಗೇ. 2020ರಲ್ಲಿ ಕಂಪನಿ ಡೀಸೆಲ್‌ಗೆ ಕೈಮುಗಿಯಿತು. ಈಗ ಆ ಗಾಡಿ ಪೆಟ್ರೋಲ್ ಮತ್ತು ಸಿಎನ್‌ಜಿಯಲ್ಲಿ ಮಾತ್ರ. ಸಣ್ಣ ಡೀಸೆಲ್ ಎಂಜಿನ್ನನ್ನು ಬಿಎಸ್-6ಕ್ಕೆ ಏರಿಸುವ ಖರ್ಚು ಗಿಟ್ಟುವುದಿಲ್ಲ ಎಂದು ಗಾಡಿ ಮಾಡುವವರೇ ಲೆಕ್ಕ ಹಾಕಿ ಬಿಟ್ಟದ್ದನ್ನು ಗಾಡಿ ಕೊಳ್ಳುವವರು ಹಟ ಹಿಡಿದು ಕೇಳುತ್ತಿದ್ದಾರೆ. ಸಿಎನ್‌ಜಿಯೂ ಒಂದು ದಾರಿ, ಬಂಕು ನಿಮ್ಮ ಓಡಾಟದ ದಾರಿಯಲ್ಲೇ ಇದ್ದರೆ. ಸಿಲಿಂಡರಿನ ತೂಕ ಲೋಡಿನಿಂದ ಕಳೆಯಬೇಕು ಎಂಬುದು ನೆನಪಿರಲಿ: ಸೂಪರ್ ಕ್ಯಾರಿಯಲ್ಲಿ ಪೆಟ್ರೋಲಿಗೆ 740 ಕೆ.ಜಿ., ಸಿಎನ್‌ಜಿಗೆ 625.

ಇಷ್ಟೆಲ್ಲ ಹೇಳಿದ ಮೇಲೆ ಎದುರಿಗಿದ್ದವರು ದನಿ ತಗ್ಗಿಸಿ ನಿಜ ಹೇಳುತ್ತಾರೆ: "ಅದೆಲ್ಲ ಸರಿ ಕಣ್ರೀ, ಸ್ವಲ್ಪ ಜಾಸ್ತಿ ಹೇರಿದ್ರೆ ಡೀಸೆಲ್ ತಡ್ಕೊಳ್ಳುತ್ತೆ." ಇಲ್ಲಿಗೆ ಬಂತು ನೋಡಿ ಗುಟ್ಟು. ಡೀಸೆಲ್ ಮೇಲಿನ ಪ್ರೀತಿಯ ತಳದಲ್ಲಿರುವುದು ಓವರ್‌ಲೋಡಿನ ಮೇಲಿನ ಪ್ರೀತಿ. 750 ಕೆ.ಜಿ. ಹೊರುವ ಗಾಡಿಗೆ, ಸುಲಿದ ಕಾಯಿ ಒಂದಕ್ಕೆ ಅರ್ಧ ಕೆ.ಜಿ. ಹಿಡಿದರೆ, 1,500 ಕಾಯಿ ಭರ್ತಿ. ನಾವು ಹಲಗೆ ಎತ್ತರಿಸಿ ಎರಡೂವರೆ ಸಾವಿರ ಸುರಿಯುತ್ತೇವೆ. ಎಂಜಿನ್ ಎಳೆಯಿತು ಅಂದ ಮಾತ್ರಕ್ಕೆ ಆಕ್ಸಲ್ ಹೊರುತ್ತದೆಯೇ, ಟೈರು ತಡೆಯುತ್ತದೆಯೇ, ಬ್ರೇಕು ಹಿಡಿಯುತ್ತದೆಯೇ? ಗಾಡಿ ಎಷ್ಟು ಹೊರಬೇಕು ಎಂದು ಆರ್‌ಸಿಯಲ್ಲಿ ಬರೆಯುವುದು ಟ್ಯಾಂಕಿನಲ್ಲಿ ಏನಿದೆ ಎಂದು ನೋಡಿ ಅಲ್ಲ. ಮಿತಿಮೀರಿ ಹೇರಿದರೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ಎಂದು ಮೋಟಾರು ವಾಹನ ಕಾಯ್ದೆಯ 194ನೇ ಕಲಮಿಗೆ 2019ರಲ್ಲಿ ತಿದ್ದುಪಡಿಯಾಗಿದೆ. ಒಂದು ಸಲ ಸಿಕ್ಕಿಬಿದ್ದರೆ ಮೇಲಿನ ಲೆಕ್ಕದ ಒಂದೂವರೆ ವರ್ಷದ ಡೀಸೆಲ್ ಉಳಿತಾಯ ಹೋಯಿತು. ಪೆಟ್ರೋಲ್ ಗಾಡಿ ಅತಿಭಾರಕ್ಕೆ ಬೇಗ ಗೊಣಗುತ್ತದೆ ಅನ್ನುವುದು ದೂರೇ ಆಗಿದ್ದರೆ, ಆ ಗೊಣಗಾಟವನ್ನು ಹಳೇಬೀಡು ಬೇಲೂರಿನ ನಡುವೆ ಪ್ರವಾಸಿ ಬಸ್ಸುಗಳ ಹಿಂದೆ ಬ್ರೇಕ್ ತುಳಿಯುತ್ತಾ ಹೋಗುವ ಡ್ರೈವರಿನ ಪರವಾದ ಗುಣ ಎಂದೇ ನಾನು ಬರೆದುಕೊಳ್ಳುತ್ತೇನೆ.

ಯಾರ್ಡಿನ ಒಳಗೆ ಗಾಡಿಯ ಬಾಲಕ್ಕೆ ಮುಖ ಕೊಟ್ಟು ದಿನವಿಡೀ ಮೂಟೆ ಇಳಿಸುವ ಹಮಾಲಿಯನ್ನು ಈ ಚರ್ಚೆಯಲ್ಲಿ ಯಾರೂ ಎಣಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು 2012ರಲ್ಲಿ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಪೆಟ್ರೋಲ್ ಹೊಗೆಯನ್ನು ಅದಕ್ಕಿಂತ ಕೆಳಗಿನ, ಸಂಶಯದ ಪಟ್ಟಿಯಲ್ಲಿ ಇಟ್ಟಿದೆ. ಯಾರ್ಡಿಗೆ ಬರುವ ಡೀಸೆಲ್ ಗಾಡಿಗಳಲ್ಲಿ ಜಾಲರಿಯಿಲ್ಲದ ಹಳೆಯವು ಇನ್ನೂ ಬೇಕಾದಷ್ಟಿವೆ.

ಕಡೆಗೆ ಉಳಿಯುವುದು ಒಂದೇ ವಾದ: "ಮಾರುವಾಗ ಡೀಸೆಲ್‌ಗೆ ರೇಟು." ಎಲ್ಲರೂ ಕೇಳುವುದರಿಂದ ರೇಟು, ರೇಟು ಇರುವುದರಿಂದ ಎಲ್ಲರೂ ಕೇಳುತ್ತಾರೆ. ಇರಲಿ. ಆದರೆ ನೀವು ಇವತ್ತು ಕಣ್ಣಾರೆ ಕಂಡ ರೇಟು ಬಿಎಸ್-3, ಬಿಎಸ್-4 ಗಾಡಿಗಳದ್ದು, ಅಂದರೆ ಮೇಸ್ತ್ರಿ ಬಿಚ್ಚಿ ಕಟ್ಟಬಲ್ಲ ಗಾಡಿಗಳದ್ದು. ಮೊದಲ ಬಿಎಸ್-6 ಡೀಸೆಲ್ ಗಾಡಿಗಳಿಗೆ ಹತ್ತು ವರ್ಷ ತುಂಬುವುದು 2030ರಲ್ಲಿ. ಹಳೆ ಗಾಡಿ ಕೊಳ್ಳಲು ಬರುವವನು ಇಷ್ಟು ದಿನ ಆಯಿಲ್ ಕ್ಯಾಪ್ ತೆಗೆದು, ಎಂಜಿನ್ ಎಷ್ಟು ಹೊಗೆ ಉಗುಳುತ್ತದೆ ಎಂದು ನೋಡಿ ಬೆಲೆ ಕಟ್ಟುತ್ತಿದ್ದ. 2030ರಲ್ಲಿ ಬರುವವನು ಸ್ಕ್ಯಾನರ್ ಹಿಡಿದು ಬರುತ್ತಾನೆ. ಡಿಪಿಎಫ್ ಎಷ್ಟು ಕಟ್ಟಿದೆ, ಇಂಜೆಕ್ಟರುಗಳೆಲ್ಲ ಸರಿಯಿವೆಯೇ ಎಂದು ನೋಡಿ, ಅವನ್ನು ಬದಲಿಸುವ ಖರ್ಚನ್ನು ಮೊದಲು ಕಳೆದು, ಆಮೇಲೆ ರೇಟಿನ ಮಾತು ತೆಗೆಯುತ್ತಾನೆ.